ಗುಡ್ಡ ನೋಡೋರು, ಗುಡ್ಡ ಹೊತ್ತೋರು



ಬರಹ ಸ್ವಲ್ಪ ಉದ್ದ ಆಗ್ಯದ. ಪುರುಸೊತ್ತಿದ್ದಾಗ ಕೊನೀತನಕ ಓದ್ರಿ. ತಪ್ಪಿದ್ದರ ತಿದ್ರಿ.

ನಮ್ಮ ಆಫೀಸಿನ ಗೆಳೆಯ ಒಬ್ಬಾಂವ ಮನಿಮಂದಿ ಕರಕೊಂಡು ಶಿಮ್ಲಾಕ್ಕ ಹೋಗಿ ಬಂದ. ಫೋನಿನಾಗ ಇನ್ನೂರು ಫೋಟೋ. ಮಾಲ್ ರೋಡ್, ರಿಡ್ಜ್ ಮೈದಾನ, ಕ್ರೈಸ್ಟ್ ಚರ್ಚ್, ಜಾಖೂ ಗುಡ್ಡದ ಹನುಮಪ್ಪ, ವೈಸರಾಯ್ ಇದ್ದ ಬಂಗಲೆ, ಕಾಲ್ಕಾದಿಂದ ಗುಡ್ಡ ಹತ್ತೋ ಸಣ್ಣ ರೈಲು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲಾರಿಗೂ ಒಂದೊಂದು ಸೇಬು ಹಂಚಿದ. ಕೊನಿಗೆ ಅಂದ: "ನೋಡೋದಂದ್ರ ಅಲ್ಲಿ ನೋಡಬೇಕಪಾ. ನಮ್ಮ ಯಾದಗಿರಿ, ಶಹಾಪುರ, ಸುರಪುರದಾಗ ಏನದ? ಬರೇ ಕಲ್ಲುಗುಡ್ಡ, ಬಿಸಿಲು."

ನಾನು ಆಗ ಏನೂ ಅನ್ನಲಿಲ್ಲ. ಸಂತೋಷದಿಂದ ಹೋಗಿ ಬಂದಾನ, ಯಾಕ ಕೆಡಿಸೋದು. ನಾನೂ ಶಿಮ್ಲಾ ನೋಡಿಲ್ಲ, ಅವಕಾಶ ಸಿಕ್ಕರ ಹೋಗಾಂವನೇ. ಆದರ ಮನಿಗೆ ಬಂದ ಮ್ಯಾಲೆ ಆ ಮಾತು ತಲಿ ಬಿಡಲಿಲ್ಲ. ನಮ್ಮಜ್ಜಿ ನೆನಪಾದಳು. 1972ರ ಬರಗಾಲದಾಗ ಸರ್ಕಾರದ ಕಾಮಗಾರಿಗೆ ಹೋಗಿ ಗುಡ್ಡದ ಬುಡದಾಗ ಕಲ್ಲು ಒಡದಾಕಿ. ನಾನು ಸಣ್ಣಾಂವ ಇದ್ದಾಗ ಬಸ್ಸಿನ ಕಿಟಕಿಯಿಂದ ಶಹಾಪುರದ ಗುಡ್ಡ ತೋರಿಸಿ, "ಅಜ್ಜಿ, ಎಷ್ಟು ಚೆಂದ ಕಾಣ್ತದ ನೋಡು" ಅಂದಿದ್ದೆ. ಆಕಿ, "ನೋಡೋದೇನದ ಅದರಾಗ, ಹೊತ್ತವರಿಗೆ ಗೊತ್ತು" ಅಂದಳು. ನನಗ ಚೆಂದ ಕಂಡ ಗುಡ್ಡ ಆಕಿಗೆ ತಲಿಮ್ಯಾಲಿನ ಪುಟ್ಟಿಯಾಗಿ ಕಂಡಿತ್ತು.

ಪ್ರವಾಸಿ ತಾಣ ಅಂತ ಬೋರ್ಡು ಹಾಕಿದ ಯಾವ ಜಾಗಕ್ಕ ಹೋದರೂ ನಾನು ಎರಡು ಪ್ರಶ್ನೆ ಕೇಳ್ತೀನಿ. ಇದನ್ನ ಯಾರು ಹೊತ್ತು ಕಟ್ಟಿದರು? ಇದನ್ನ ನೋಡಲಿಕ್ಕೆ ಯಾರಿಗೆ ಬಿಟ್ಟರು, ಯಾರಿಗೆ ಬಿಡಲಿಲ್ಲ? ಈ ಎರಡು ಪ್ರಶ್ನೆ ಇಟ್ಟುಕೊಂಡು ಮೊದಲು ಶಿಮ್ಲಾಕ್ಕೇ ಹೋಗೋಣ, ಆಮ್ಯಾಲೆ ನಮ್ಮೂರಿಗೆ ಬರೋಣ.

ಶಿಮ್ಲಾ 1864ರಲ್ಲಿ ಬ್ರಿಟಿಷ್ ಇಂಡಿಯಾದ ಬೇಸಿಗೆ ರಾಜಧಾನಿ ಆಯಿತು. ಬಿಸಿಲು ತಡೆಯಲಾರದ ಸಾಹೇಬರು ವರ್ಷದ ಅರ್ಧಕ್ಕೂ ಹೆಚ್ಚು ದಿನ ಅಲ್ಲೇ ಕೂತು ಇಡೀ ದೇಶ ಆಳುತ್ತಿದ್ದರು. ವೈಸರಾಯ್ ಬಂಗಲೆ 1888ಕ್ಕೆ ಮುಗಿಯಿತು. ಅದನ್ನ ವಿನ್ಯಾಸ ಮಾಡಿದ ಹೆನ್ರಿ ಇರ್ವಿನ್ ಎಂಬಾತನೇ ಮುಂದೆ ನಮ್ಮ ಮೈಸೂರಿನ ಈಗಿನ ಅರಮನೆಯನ್ನೂ ವಿನ್ಯಾಸ ಮಾಡಿದ. ಕಾಲ್ಕಾ ರೈಲು ಬಂದದ್ದು 1903ರಲ್ಲಿ, ಗುಡ್ಡ ಕೊರೆದು ನೂರಕ್ಕೂ ಹೆಚ್ಚು ಸುರಂಗ ಮಾಡಿದ ಮ್ಯಾಲೆ. ಅಂದ್ರ ರಾಜಧಾನಿಯಾದ ಮ್ಯಾಲೂ ಸುಮಾರು 40 ವರ್ಷ ಅಲ್ಲಿಗೆ ರೈಲು ಇರಲಿಲ್ಲ. ಸರ್ಕಾರದ ಕಡತ, ಮೇಮ್‌ಸಾಹೇಬರ ಪಿಯಾನೋ, ಮದ್ಯದ ಪೆಟ್ಟಿಗೆ ಎಲ್ಲಾ ಗಾಡಿಯ ಮ್ಯಾಲೆ, ಹೇಸರಗತ್ತೆಯ ಮ್ಯಾಲೆ, ಮನುಷ್ಯರ ಬೆನ್ನ ಮ್ಯಾಲೆ ಹೋಗುತ್ತಿದ್ದವು. ಪೇಟೆಯೊಳಗೆ ಒಬ್ಬ ಸಾಹೇಬ ಕೂತ ರಿಕ್ಷಾ ಎಳೆಯಲಿಕ್ಕೆ ನಾಲ್ಕೈದು ಮಂದಿ ಬೇಕು. ಊರು ಕಟ್ಟಿದ ಅದೇ ಕೂಲಿಗಳು ಮಾಲ್ ರೋಡಿನ ಮ್ಯಾಲೆ ಅಡ್ಡಾಡಲಿಕ್ಕೆ ನಿರ್ಬಂಧ ಬೇರೆ.

ಗುಡ್ಡಗಾಡಿನ ಹಳ್ಳಿಗಳಲ್ಲಿ ಇದಕ್ಕ ಬೇಗಾರ್ ಅಂತ ಹೆಸರು. ಅಧಿಕಾರಿ ಬಂದರ ಊರಿನವರು ಬಿಟ್ಟಿಯಾಗಿ ಸಾಮಾನು ಹೊರಬೇಕು. ಕುಮಾವೂಂ ಕಡೆ ಯಾರ ಪಾಳಿ ಯಾವಾಗ ಅಂತ ಪಟ್ಟಿ ಇಡೋ ರಿಜಿಸ್ಟರ್ ಇತ್ತು. 1921ರ ಜನವರಿಯಲ್ಲಿ ಬಾಗೇಶ್ವರದ ಸಂಕ್ರಾಂತಿ ಜಾತ್ರೆಯೊಳಗೆ ಜನ ಆ ರಿಜಿಸ್ಟರ್‌ಗಳನ್ನ ತಂದು ಸರಯೂ ನದಿಗೆ ಎಸೆದರು. ದಿನಾ ರಿಜಿಸ್ಟರ್ ಬರಿಯೋ ಗುಮಾಸ್ತ ನಾನು, ಆ ಸಂಗತಿ ಓದಿದಾಗೆಲ್ಲ ಮೈ ಜುಮ್ಮೆನ್ನುತ್ತದ. ಅದೇ ಕಾಲಕ್ಕ ಶಿಮ್ಲಾ ಸುತ್ತಿನ ಬೇಗಾರ್ ವಿರುದ್ಧ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕದವನೊಬ್ಬ ಜನರ ಜೊತಿ ನಿಂತು ಹೋರಾಡಿದ. ಆ ಸೀಮೆಗೆ ಕೆಂಪು ಸೇಬಿನ ತಳಿ ತಂದಾತನೂ ಆತನೇ. ನಮ್ಮ ಗೆಳೆಯ ಹಂಚಿದ ಸೇಬಿನ ಹಿಂದ ಇಷ್ಟು ಕಥಿ ಅದ.

ಇನ್ನೂ ಒಂದು ಮಾತು ಹೇಳಬೇಕು. ಬೇಗಾರ್ ಹೋದ ಮ್ಯಾಲೂ ಅಲ್ಲಿನ ದಲಿತರ ಹೆಗಲು ಹಗುರಾಗಲಿಲ್ಲ. ಪಕ್ಕದ ಗಢವಾಲದಲ್ಲಿ ಶಿಲ್ಪಕಾರರು ಅಂತ ಕರೆಯೋ ನಮ್ಮಂಥವರ ಮದುವೆಯಲ್ಲಿ ಮದುಮಗ ಪಾಲಕಿಯಲ್ಲಿ, ಮದುಮಗಳು ಡೋಲಿಯಲ್ಲಿ ಕೂಡುವಂತಿರಲಿಲ್ಲ. ಮೇಲ್ಜಾತಿಯವರ ಪಾಲಕಿ ಹೊರಬೇಕು, ತಮ್ಮ ಮದುವೆಗೆ ಮಾತ್ರ ನಡೆದೇ ಹೋಗಬೇಕು. ಜಯಾನಂದ ಭಾರತಿ ಎಂಬ ಮುಂದಾಳಿನ ಜೊತೆ ಅವರು ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಬೇಕಾಯಿತು. ಡೋಲಾ ಪಾಲಕಿ ಚಳವಳಿ ಅಂತ ಅದರ ಹೆಸರು. ದಲಿತ ಮದುಮಗ ಕುದುರೆ ಏರಿದರೆ ಇವತ್ತಿಗೂ ದೇಶದಾಗ ಎಲ್ಲೆಲ್ಲಿ ಕಲ್ಲು ಬೀಳ್ತಾವ ಅನ್ನೋದು ನಿಮಗ ನಾನು ಹೇಳಬೇಕಾಗಿಲ್ಲ.

ಈಗ ನಮ್ಮೂರಿಗೆ ಬರ್ರಿ.

ಶಿಮ್ಲಾದ ರಿಡ್ಜ್ ಮ್ಯಾಲಿನ ಕ್ರೈಸ್ಟ್ ಚರ್ಚಿಗೆ ಬುನಾದಿ ಹಾಕಿದ್ದು 1844ರಲ್ಲಿ. ಅದೇ ದಶಕದಲ್ಲಿ ನಮ್ಮ ಸುರಪುರದ ಗುಡ್ಡದ ಮ್ಯಾಲೂ ಒಬ್ಬ ಸಾಹೇಬ ಬಂಗಲೆ ಕಟ್ಟಿಸಿದ. ಫಿಲಿಪ್ ಮೆಡೋಸ್ ಟೇಲರ್. ಆ ಬಂಗಲೆಗೆ ಜನ ಟೇಲರ್ ಮಂಜಿಲ್ ಅಂತಾರ. ಸುರಪುರ ನೋಡಲಿಕ್ಕೆ ಬಂದವರೆಲ್ಲ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ತಾರ. ಕೆಳಗ ಊರು, ಅರಮನಿ, ಸುತ್ತ ಗುಂಡುಕಲ್ಲಿನ ಗುಡ್ಡಸಾಲು. ಚೆಂದ ಕಾಣ್ತದ, ಸುಳ್ಳಲ್ಲ.

ಈ ಟೇಲರ್ 15ನೇ ವಯಸ್ಸಿಗೆ ಮುಂಬೈಗೆ ಬಂದದ್ದು ಒಬ್ಬ ವ್ಯಾಪಾರಿಯ ಹತ್ತಿರ ಗುಮಾಸ್ತಿಕೆ ಮಾಡಲಿಕ್ಕೆ. ಆಮ್ಯಾಲೆ ನಿಜಾಮನ ಸೈನ್ಯ ಸೇರಿದ. 1841ರಲ್ಲಿ ಸುರಪುರದ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ. ಸಂಸ್ಥಾನದ ಆಡಳಿತ ನೋಡಲಿಕ್ಕೆ ಟೇಲರ್ ಬಂದ, 1853ರತನಕ ಇದ್ದ. ಹುಡುಗ ರಾಜ ಆತನನ್ನ ಅಪ್ಪಾ ಅಂತಿದ್ದ. ಅದೇ ಹುಡುಗ ದೊಡ್ಡಾಂವ ಆಗಿ 1858ರ ಫೆಬ್ರವರಿಯಲ್ಲಿ ಬ್ರಿಟಿಷರ ಮ್ಯಾಲೆ ತಿರುಗಿಬಿದ್ದ. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜ ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಕೊನೆಗೆ ನಾಲ್ಕು ವರ್ಷದ ಶಿಕ್ಷೆಗೆ ಚೆಂಗಲ್ಪಟ್ಟು ಕೋಟೆಗೆ ಒಯ್ಯುವಾಗ ದಾರಿಯಲ್ಲೇ ಗುಂಡು ತಗುಲಿ ತೀರಿಕೊಂಡ. ತಾನೇ ಹೊಡಕೊಂಡ ಅಂತ ಬ್ರಿಟಿಷರ ದಾಖಲೆ ಹೇಳುತ್ತದ. ಸುರಪುರದ ಮಂದಿಯಲ್ಲಿ ಅದನ್ನ ನಂಬದವರು ಇವತ್ತಿಗೂ ಅದಾರ. 1860ರಲ್ಲಿ ಸುರಪುರ ನಿಜಾಮನ ಕೈಗೆ ಹೋಯಿತು.

ಬೇಡ ನಾಯಕರ ಶೌರ್ಯದ ಬಗ್ಗೆ ನನಗ ಹೆಮ್ಮೆ ಅದ. 1705ರಲ್ಲಿ ಪಕ್ಕದ ವಾಗಿನಗೇರಾ ಕೋಟೆಗೆ ಸ್ವತಃ ಔರಂಗಜೇಬ್ ಬಂದು ಮುತ್ತಿಗೆ ಹಾಕಿದ. ಆತ ಖುದ್ದಾಗಿ ನಿಂತು ನಡೆಸಿದ ಕೊನೇ ಮುತ್ತಿಗೆ ಅದು. ಇಡೀ ಹಿಂದೂಸ್ತಾನ ಆಳಿದ ಬಾದಶಹನಿಗೆ ನಮ್ಮ ಕಲ್ಲುಗುಡ್ಡದ ಸಣ್ಣ ಕೋಟೆ ಹಿಡೀಲಿಕ್ಕೆ ಸುಮಾರು ಮೂರು ತಿಂಗಳು ಬೇಕಾಯಿತು. "ಏನದ ನಮ್ಮ ಕಡೆ" ಅನ್ನೋರಿಗೆ ಇದೊಂದೇ ಉತ್ತರ ಸಾಕು.

ಆದರ ನನ್ನ ಪ್ರಶ್ನೆ ಅಲ್ಲಿಗೇ ನಿಲ್ಲೋದಿಲ್ಲ. ಟೇಲರ್ ಮಂಜಿಲಿನ ಕಲ್ಲು ಗುಡ್ಡದ ನೆತ್ತಿಗೆ ಯಾರು ಹೊತ್ತರು? ಸಾಹೇಬರ ಸ್ನಾನಕ್ಕ ನೀರು ಯಾರು ಏರಿಸಿದರು? ಯಾದಗಿರಿ ಕೋಟೆ ಹತ್ತಿ ನೋಡ್ರಿ. ಏರಿದವರಿಗೆ ಉಸಿರು ಕಟ್ಟುತ್ತದ, ಆ ಎತ್ತರದಾಗ ತೋಪುಗಳು ಅದಾವ. ಅವು ತಾವೇ ನಡಕೊಂಡು ಬಂದವೇನು? ಬೋನಾಳದ ಕೆರೆಗೆ ಈಗ ಪಕ್ಷಿಧಾಮ ಅಂತ ಹೆಸರು, ಚಳಿಗಾಲಕ್ಕ ದೂರದ ದೇಶದ ಹಕ್ಕಿ ಬರ್ತಾವ. ಸುರಪುರದ ರಾಜರು ಕಟ್ಟಿಸಿದರು, ಟೇಲರ್ ದೊಡ್ಡದು ಮಾಡಿಸಿದ ಅಂತ ಹೇಳ್ತಾರ. ಕಟ್ಟಿಸಿದವರ ಹೆಸರು ಗೊತ್ತಾಯಿತು. ಮಣ್ಣು ಹೊತ್ತವರು, ಒಡ್ಡು ಕಟ್ಟಿದವರು, ಕಲ್ಲು ಸೀಳಿದ ಒಡ್ಡರು, ಬಾವಿಯಿಂದ ನೀರೆತ್ತೋ ತೊಗಲಿನ ಕಪಲಿ ಹೊಲಿದ ಮಾದಿಗರು, ಇವರ ಹೆಸರು ಯಾವ ಬೋರ್ಡಿನ ಮ್ಯಾಲೂ ಇಲ್ಲ.

ಹಿಮಾಲಯದಾಗ ಬೇಗಾರ್ ಅಂದದ್ದಕ್ಕ ನಿಜಾಮನ ತೆಲುಗು ಸೀಮೆಯಾಗ ವೆಟ್ಟಿ ಅಂದರು, ನಮ್ಮ ಕಡೆ ಬಿಟ್ಟಿ ಅಂದರು. ಅಧಿಕಾರಿ ಊರಿಗೆ ಬಂದರೆ ಸಾಮಾನು ಹೊರೋದು, ಕುದುರೆಗೆ ಹುಲ್ಲು ತರೋದು, ಒಲೆಗೆ ಕಟ್ಟಿಗೆ ಒಡೆಯೋದು, ಮುಂದಿನ ಊರಿಗೆ ಕಾಗದ ಮುಟ್ಟಿಸೋದು. ಇವೆಲ್ಲಾ ಹೊಲಗೇರಿ, ಮಾದಿಗೇರಿಯ ಪಾಲು. ಹೊರೋದಕ್ಕ ನಾವು ಬೇಕು. ನೋಡೋದಕ್ಕ?

ಈ ಪ್ರಶ್ನೆಗೆ ಉತ್ತರ ಬಾಬಾಸಾಹೇಬರೇ ಬರೆದಿಟ್ಟಾರ.

1934ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಚಳವಳಿಯ ಸಂಗಾತಿಗಳನ್ನ ಕರಕೊಂಡು ಪ್ರವಾಸ ಹೊರಟರು. ಸುಮಾರು 30 ಮಂದಿ. ಸಭೆ ಇಲ್ಲ, ಭಾಷಣ ಇಲ್ಲ, ಸತ್ಯಾಗ್ರಹ ಇಲ್ಲ. ನಮ್ಮ ಆಫೀಸಿನ ಗೆಳೆಯನಂಗ ಸುಮ್ಮನೆ ನೋಡಲಿಕ್ಕೆ ಹೊರಟಿದ್ದರು. ಎಲ್ಲೋರದ ಗವಿ ನೋಡಬೇಕು ಅಂತ ಆಸೆ, ದಾರಿಯಲ್ಲಿ ದೌಲತಾಬಾದ್ ಕೋಟೆ. ಔರಂಗಾಬಾದ್, ದೌಲತಾಬಾದ್ ಆಗ ನಿಜಾಮನ ರಾಜ್ಯ. ನಮ್ಮ ಯಾದಗಿರಿ, ಶಹಾಪುರ, ಸುರಪುರ ಕೂಡ ಗುಲ್ಬರ್ಗಾ ಜಿಲ್ಲೆಯೊಳಗೆ ಅದೇ ನಿಜಾಮನ ರಾಜ್ಯ. ಅಂದ್ರ ಇದು ನಮ್ಮ ನಾಡಿನೊಳಗೆ ನಡೆದ ಘಟನೆ ಅಂತಲೇ ತಿಳೀರಿ.

ರಂಜಾನ್ ತಿಂಗಳು. ದಾರಿಯ ಧೂಳು ಮೈ ಮುಖಕ್ಕೆಲ್ಲ ಮೆತ್ತಿತ್ತು. ಕೋಟೆ ಬಾಗಿಲ ಹೊರಗೆ ತುಂಬಿದ ಸಣ್ಣ ಹೊಂಡ, ಸುತ್ತ ಕಲ್ಲುಹಾಸು. ಕೆಲವರು ಕೈಕಾಲು ಮುಖ ತೊಳಕೊಂಡರು. ಬಾಗಿಲ ಹತ್ತಿರ ಹೋಗಿ ಒಳಗೆ ಬಿಡಲಿಕ್ಕೆ ಅನುಮತಿ ಕೇಳ್ತಿದ್ದಾಗ ಹಿಂದಿನಿಂದ ಬಿಳಿ ಗಡ್ಡದ ಮುದುಕನೊಬ್ಬ ಕೂಗಾಡುತ್ತ ಬಂದ. ಅಸ್ಪೃಶ್ಯರು ಹೊಂಡ ಮೈಲಿಗೆ ಮಾಡಿದರು ಅಂತ. ಕ್ಷಣದಾಗ ಜನ ಸೇರಿತು. ಬೈಗುಳ, ಹೊಡೆಯೋ ಬೆದರಿಕೆ. ಊರ ಅಸ್ಪೃಶ್ಯರನ್ನೂ ಅದೇ ಬಾಯಿಲಿಂದ ಬೈದರು. ಇದನ್ನೇ ಏನು ನಿಮ್ಮ ಧರ್ಮ ಕಲಿಸೋದು, ಒಬ್ಬ ಅಸ್ಪೃಶ್ಯ ಮುಸ್ಲಿಮನಾದರ ಆಗಲೂ ಈ ನೀರು ಮುಟ್ಟಬ್ಯಾಡ ಅಂತೀರೇನು ಅಂತ ಬಾಬಾಸಾಹೇಬರು ಕೇಳಿದರು. ಅದಕ್ಕ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕೊನೆಗೆ ಕೋಟೆಯೊಳಗೆ ಬಿಟ್ಟರು. ಒಳಗ ಎಲ್ಲೂ ನೀರು ಮುಟ್ಟಬಾರದು ಅಂತ ಷರತ್ತು. ಮುಟ್ಟದಂಗ ನೋಡಿಕೊಳ್ಳಲಿಕ್ಕೆ ಆಯುಧ ಹಿಡಿದ ಒಬ್ಬ ಸಿಪಾಯಿಯನ್ನ ಬೆನ್ನ ಹಿಂದ ಕಳಿಸಿದರು.

ಸ್ವಲ್ಪ ಕಣ್ಣು ಮುಚ್ಚಿ ಯೋಚನೆ ಮಾಡ್ರಿ. ಕೊಲಂಬಿಯಾ ಮತ್ತು ಲಂಡನ್ ವಿಶ್ವವಿದ್ಯಾಲಯಗಳಿಂದ ಡಾಕ್ಟರೇಟ್ ತಂದ ಮನುಷ್ಯ. ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಕೂತು ಬಂದ ಮನುಷ್ಯ. ತನ್ನ ದೇಶದ ಒಂದು ಹಳೇ ಕೋಟೆ ನೋಡಲಿಕ್ಕೆ ಹೋದರ ಹಿಂದ ಬಂದೂಕು. ಈ ಪ್ರಸಂಗ ಅವರ 'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಆತ್ಮಕಥನದಾಗ ಅದ. ಓದದವರು ಇವತ್ತೇ ಓದ್ರಿ. ಇದನ್ನ ಮುಸ್ಲಿಮರನ್ನ ಬೈಯಲಿಕ್ಕೆ ಬಳಸೋರು ಬಹಳ ಮಂದಿ ಅದಾರ. ಅದೇ ಪುಸ್ತಕದಾಗ ಬಡೋದೆಯಲ್ಲಿ ವಸತಿಗೃಹದಿಂದ ಹೊರಹಾಕಿದ ಪಾರ್ಸಿಗಳ ಕಥಿ ಅದ, ಗೋರೆಗಾಂವಕ್ಕ ಹೋಗೋ ದಾರಿಯ ಮಸೂರ ಸ್ಟೇಷನ್ನಿನ ಹಿಂದೂ ಗಾಡಿಯವರ ಕಥಿ ಅದ. ಜಾತಿ ಅನ್ನೋದು ಈ ದೇಶದ ಎಲ್ಲಾ ಧರ್ಮದ ನೀರಿನಾಗ ಬೆರೆತದ ಅನ್ನೋದೇ ಅವರ ಮಾತು. ಒಂದು ಪುಟ ಹರದುಕೊಂಡು ಉಳಿದ ಪುಟ ಮುಚ್ಚಿಡಬ್ಯಾಡ್ರಿ.

ಆ ಹೊಂಡ ಅವರು ಮರೆಯಲಿಲ್ಲ ಅಂತ ನನಗ ಅನಿಸ್ತದ. 16 ವರ್ಷದ ಮ್ಯಾಲೆ, 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ತೆಗೆದು ನೋಡ್ರಿ. ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕರು ಸೇರುವ ಸ್ಥಳ. ಇವುಗಳಲ್ಲಿ ಯಾರನ್ನೂ ಜಾತಿ, ಧರ್ಮ, ಲಿಂಗ, ಹುಟ್ಟಿದ ಜಾಗದ ಕಾರಣಕ್ಕ ತಡೆಯುವಂತಿಲ್ಲ. ನಾವು ಇದನ್ನ ಬಾವಿ ನೀರಿನ ಹಕ್ಕು, ಹೋಟೆಲಿನ ಕಪ್ಪು ಬಸಿಯ ಹಕ್ಕು ಅಂತ ಓದ್ತೀವಿ, ಖರೆ. ಅದರ ಜೊತಿಗೆ ಅದು ಅಡ್ಡಾಡೋ ಹಕ್ಕು, ಕೋಟೆ ಮ್ಯಾಲೆ ನಿಂತು ಗಾಳಿ ತಗೊಳ್ಳೋ ಹಕ್ಕು, ಕೆರಿ ದಂಡಿ ಮ್ಯಾಲೆ ಕೂತು ಹಕ್ಕಿ ನೋಡೋ ಹಕ್ಕು ಕೂಡ. ಜಗತ್ತನ್ನ ಸುಮ್ಮನೆ ನೋಡಲಿಕ್ಕೂ ನಮಗ ಒಂದು ಕಾನೂನು ಬೇಕಾಯಿತು.

ಅದೇ ವರ್ಷ ಬಾಬಾಸಾಹೇಬರು ಔರಂಗಾಬಾದಿನಲ್ಲಿ ಕಾಲೇಜು ತೆರೆದರು, ಮುಂದೆ ಮಿಲಿಂದ ಮಹಾವಿದ್ಯಾಲಯ ಆಯಿತು. ದೌಲತಾಬಾದಿನಿಂದ ಬಹಳ ದೂರ ಇಲ್ಲ. ಅವಮಾನ ಆದ ನೆಲದಾಗೇ ಹೋಗಿ ಸಾಲಿ ಕಟ್ಟಿದರು.

ಹಂಗಾದ್ರ ನಮ್ಮ ಮೂರು ಊರಿನಾಗ ನಾವು ಏನು ನೋಡಬೇಕು? ನನ್ನ ಪಟ್ಟಿ ಹೇಳ್ತೀನಿ.

ಮೊದಲು ಶಹಾಪುರದ ಮಲಗಿದ ಬುದ್ಧ. ಇಲ್ಲಿ ನಮ್ಮವರ ಹತ್ತಿರವೇ ನನ್ನದೊಂದು ತಕರಾರು ಅದ, ಸಿಟ್ಟಾಗಬ್ಯಾಡ್ರಿ. ಅಶೋಕ ಕೆತ್ತಿಸಿದ್ದು, ಸಾವಿರಾರು ಭಿಕ್ಖುಗಳು ಸೇರಿ ಕಡೆದದ್ದು ಅಂತ ವಾಟ್ಸಾಪಿನಾಗ ಸಂದೇಶ ಓಡಾಡ್ತಾವ. ಅದು ಯಾರೂ ಕೆತ್ತಿದ್ದಲ್ಲ. ಬ್ಯಾರೆ ಬ್ಯಾರೆ ಗುಡ್ಡಗಳು ದೂರದಿಂದ ಒಂದೇ ಸಾಲಾಗಿ ಕಂಡು ತಲಿ, ಎದಿ, ಕಾಲು ಚಾಚಿ ಮಲಗಿದ ಮನುಷ್ಯನ ಆಕಾರ ಆಗ್ಯದ. ಹತ್ತಿರ ಹೋದರ ಆ ಆಕಾರ ಮಾಯ. ಮಳಿ, ಬಿಸಿಲು, ಗಾಳಿ ಲಕ್ಷಗಟ್ಟಲೆ ವರ್ಷ ಕೆಲಸ ಮಾಡಿದ ಬಂಡೆ ಅದು. ಅದರಾಗ ಬುದ್ಧನನ್ನ ಕಂಡವರು ನಾವು. ಕಾಣೋದು ತಪ್ಪಲ್ಲ, ನನಗೂ ಹಂಗೇ ಕಾಣ್ತಾನ. ಸಂಜಿ ಹೊತ್ತು ಬಸ್ಸಿನಾಗ ಬರುವಾಗ ನಾನೂ ಕೈ ಮುಗಿದೀನಿ. ಆದರ ಕೆತ್ತಿಸಿದ್ದು ಅಂತ ಸುಳ್ಳು ಹೇಳೋದು ಬುದ್ಧನಿಗೇ ಒಪ್ಪಿಗಿ ಆಗೋ ಮಾತಲ್ಲ. ಯಾರು ಹೇಳಿದರೂ ಪರೀಕ್ಷೆ ಮಾಡಿ ಒಪ್ಪಿಕೊಳ್ಳಿ ಅಂದ ಗುರು ಆತ. ನಾಳೆ ಇನ್ನೊಬ್ಬರು ಬಂದು ಅದೇ ಗುಡ್ಡದಾಗ ತಮ್ಮ ದೇವರನ್ನ ಕಂಡರ ಯಾವ ಸಾಕ್ಷಿ ಹಿಡಕೊಂಡು ವಾದ ಮಾಡ್ತೀರಿ?

ಸಾಕ್ಷಿ ಬೇಕಂದ್ರ ಸನ್ನತಿಗೆ ಹೋಗ್ರಿ. ಭೀಮಾ ದಂಡಿ, ಚಿತ್ತಾಪುರ ತಾಲೂಕು, ನಮ್ಮ ಜಿಲ್ಲೆಯ ಗಡಿ ಪಕ್ಕದಾಗೇ ಅದ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿ ಕುಸಿಯಿತು. ಮೂರ್ತಿಗೆ ಪೀಠ ಮಾಡಿದ ಚಪ್ಪಡಿಯಲ್ಲಿ ಬ್ರಾಹ್ಮಿ ಅಕ್ಷರ ಕಂಡವು. ಓದಿ ನೋಡಿದರ ಅಶೋಕನ ಶಾಸನ! ಮೂರ್ತಿ ನಿಲ್ಲಿಸಲಿಕ್ಕೆ ನಡುವೆ ಗುಂಡಿ ಕೊರೆದು ಕೆಲವು ಅಕ್ಷರ ಹಾಳಾಗಿದ್ದವು. ಬೇರೆ ಪಂಥವನ್ನ ಹೀಯಾಳಿಸಬ್ಯಾಡ ಅಂತ ಹೇಳೋ 12ನೇ ಶಾಸನ ಅದರಾಗ ಅದ. ಎಲ್ಲಾ ಜನರೂ ನನ್ನ ಮಕ್ಕಳು ಅಂತ ಸಾರೋ ಪ್ರತ್ಯೇಕ ಶಾಸನವೂ ಅದ. ಇಷ್ಟು ದೊಡ್ಡ ಮಾತು ಇಷ್ಟು ಶತಮಾನ ಪೀಠದ ಕೆಳಗ ಮುಖ ಮುಚ್ಚಿಕೊಂಡು ಬಿದ್ದಿತ್ತು.

ಅಲ್ಲಿಂದ ಸ್ವಲ್ಪೇ ದೂರ ಕನಗನಹಳ್ಳಿ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ದೊಡ್ಡ ಸ್ತೂಪ ಹೊರಬಂತು. ಒಂದು ಕಲ್ಲಿನ ಮ್ಯಾಲೆ ರಾಜ, ಪಕ್ಕದಾಗ ರಾಣಿ, ಪರಿವಾರದವರು. ಅದರ ಮ್ಯಾಲೆ ಬ್ರಾಹ್ಮಿಯಲ್ಲಿ ಬರೆದದ್ದು: ರಾಯೋ ಅಸೋಕೋ. ರಾಜ ಅಶೋಕ. ಹೆಸರು ಬರೆದ ಅಶೋಕನ ಶಿಲ್ಪ ಸಿಕ್ಕದ್ದು ನಮ್ಮ ಭೀಮಾ ದಂಡಿಯಲ್ಲಿ, ಪಾಟ್ನಾದಲ್ಲಲ್ಲ. ಇನ್ನೂ ಒಂದು ಸಂಗತಿ ನನಗ ಮುಖ್ಯ. ಆ ಸ್ತೂಪದ ಕಲ್ಲುಗಳ ಮ್ಯಾಲೆ ದಾನ ಕೊಟ್ಟವರ ಹೆಸರು ಕೆತ್ತಿದಾರ. ಕಲ್ಲು ಕೊಟ್ಟವರ ಹೆಸರು ಕಲ್ಲಿನ ಮ್ಯಾಲೇ ಉಳಿಸೋ ಪದ್ಧತಿ ಎರಡು ಸಾವಿರ ವರ್ಷದ ಹಿಂದ ನಮ್ಮ ನೆಲದಾಗೇ ಇತ್ತು. ಇವತ್ತು ಒಂದು ಬೋರ್ಡು ಬರೆಸಲಿಕ್ಕೆ ಯಾಕ ಆಗೋದಿಲ್ಲ?

ಮೂರನೇದು ವಿಭೂತಿಹಳ್ಳಿ, ಶಹಾಪುರದ ಮಗ್ಗುಲಿಗೆ. ಹೊಲದಾಗ ನೂರಾರು ಗುಂಡುಕಲ್ಲು ಸಾಲುಸಾಲಾಗಿ, ಲೆಕ್ಕ ಹಾಕಿ ಇಟ್ಟಂಗ ಅದಾವ. ಬೃಹತ್ ಶಿಲಾಯುಗದ ಕಾಲದ್ದು. ಒಂದೊಂದು ಕಲ್ಲೂ ನಾಲ್ಕಾರು ಮಂದಿ ಉರುಳಿಸಿ ತರಬೇಕು. ಯಾಕ ಇಟ್ಟರು ಅನ್ನೋದಕ್ಕ ಪಂಡಿತರಲ್ಲಿ ಒಮ್ಮತ ಇಲ್ಲ. ಹುಣಸಗಿ ಕಡೆ ರಾಜನಕೋಳೂರಿನಾಗ ಚಪ್ಪಡಿ ನಿಲ್ಲಿಸಿ ಮಾಡಿದ ಕಲ್ಮನೆಗಳು ಅದಾವ. ಇವನ್ನೆಲ್ಲ ನೋಡಿ 1850ರ ದಶಕದಾಗ ಮೊದಲು ಲೇಖನ ಬರೆದವನು ಅದೇ ಟೇಲರ್. ಆ ಕೆಲಸಕ್ಕ ಆತನಿಗೆ ಸಲಾಂ ಹೇಳಲೇಬೇಕು. ಆತನ ಮಾತು ಕೇಳಿ ಗುದ್ದಲಿ ಹಿಡಿದು ಸಮಾಧಿ ಅಗೆದವರಿಗೆ ಸಲಾಂ ಹೇಳೋಣ ಅಂದ್ರ ಹೆಸರು ಗೊತ್ತಿಲ್ಲ.

ನಾಲ್ಕನೇದು ಬೂದಿಹಾಳ, ಹಳೇ ಸುರಪುರ ತಾಲೂಕು. ಹೆಸರೇ ಹೇಳ್ತದ, ಬೂದಿಯ ಗುಡ್ಡ. ಪುಣೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ವರ್ಷಗಟ್ಟಲೆ ಉತ್ಖನನ ಮಾಡಿದರು. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ದನಗಾಹಿಗಳ ಊರು. ಸಗಣಿ ಸುಟ್ಟ ಬೂದಿ ಗುಡ್ಡೆಯಾಗಿ ಬೆಳೆದದ. ಅಲ್ಲೇ ದನ ಕೊಯ್ದು ಹಂಚಿಕೊಳ್ಳುತ್ತಿದ್ದ ಅಂಗಳವೂ ಸಿಕ್ಕಿತು, ದನದ ಎಲುಬು, ಕಲ್ಲಿನ ಹತಾರ ಸಮೇತ. ನಮ್ಮ ತಟ್ಟೆ ನೋಡಿ ಮೂಗು ಮುರಿಯೋರಿಗೆ ಬೂದಿಹಾಳದ ದಾರಿ ತೋರಿಸ್ರಿ. ಜಗಳ ಬ್ಯಾಡ, ಉತ್ಖನನದ ವರದಿ ಸಾಕು.

ಐದನೇದು ಅಲ್ಲೇ ಹತ್ತಿರದ ಇಸಾಂಪುರ. ಇದನ್ನೂ ಪದ್ದಯ್ಯನವರೇ ಅಗೆದರು. ಮನುಷ್ಯನ ಪೂರ್ವಜರು ಸುಣ್ಣಕಲ್ಲು ಒಡೆದು ಕೈಕೊಡಲಿ ಮಾಡಿಕೊಳ್ಳುತ್ತಿದ್ದ ಜಾಗ. ಸುಮಾರು 12 ಲಕ್ಷ ವರ್ಷ ಹಳೇದು ಅಂತ ಒಂದು ಕಾಲನಿರ್ಣಯ ಹೇಳ್ತದ. ಶಿಮ್ಲಾದ ಯಾವ ಬಂಗಲೆಗೆ ಇಷ್ಟು ವಯಸ್ಸದ? ನಮ್ಮ ನೆಲದ ಮೊದಲ ಪ್ರೇಕ್ಷಣೀಯ ಸ್ಥಳ ಒಂದು ಕಲ್ಲು ಒಡೆಯೋ ಕಾರ್ಖಾನೆ. ಇದು ಗೊತ್ತಾದ ದಿನ ನಾನು ನಮ್ಮಜ್ಜಿಯನ್ನ ನೆನೆಸಿದೆ. ಆಕಿ 1972ರಾಗ ಮಾಡಿದ ಕೆಲಸ 12 ಲಕ್ಷ ವರ್ಷದ ಹಿಂದ ಇದೇ ಕಣಿವೆಯಾಗ ಶುರುವಾಗಿತ್ತು. ಆಗ ಅದು ಕೌಶಲ. ನಡುವೆ ಯಾರೋ ಬಂದು ಅದನ್ನ ಕೀಳು ಕೆಲಸ ಮಾಡಿದರು.

ಇಷ್ಟೆಲ್ಲ ಬರೆದ ಮ್ಯಾಲೆ ನನ್ನ ಬೇಡಿಕೆ ಮೂರೇ.

ಒಂದು. ಯಾದಗಿರಿ ಪ್ರತ್ಯೇಕ ಜಿಲ್ಲೆ ಆಗ್ಯದ. ಪ್ರವಾಸದ ಬೋರ್ಡು, ಪುಸ್ತಕ ಮಾಡುವಾಗ ಯಾವ ರಾಜ ಕಟ್ಟಿಸಿದ ಅಂತಷ್ಟೇ ಬರೆದು ಬಿಡಬ್ಯಾಡ್ರಿ. ಯಾವ ಕಸುಬಿನವರು, ಯಾವ ಸಮುದಾಯದವರು, ಹೆಂಗ ಕಟ್ಟಿದರು ಅಂತ ಒಂದು ಸಾಲು ಸೇರಿಸ್ರಿ. ಹೆಸರು ಸಿಗಲಿಕ್ಕಿಲ್ಲ, ಕಸುಬು ಸಿಗ್ತದ. ಸಂಘಟನೆಯವರು ಮನವಿ ಬರೆಯೋದಾದ್ರ ಕರಡು ನಾನು ಬರೆದು ಕೊಡ್ತೀನಿ, ಅದು ನನ್ನ ದಿನದ ಕೆಲಸವೇ.

ಎರಡು. ನಮ್ಮ ಹಾಸ್ಟೆಲ್ ಹುಡುಗ ಹುಡುಗಿಯರನ್ನ ವರ್ಷಕ್ಕ ಒಂದು ದಿನ ಈ ಜಾಗಗಳಿಗೆ ಕರಕೊಂಡು ಹೋಗೋಣ. ಭೀಮ ಜಯಂತಿಯ ಡಿಜೆ ಖರ್ಚಿನಾಗ ಸ್ವಲ್ಪ ಉಳಿಸಿದರ ಒಂದು ಬಸ್ಸು ಆಗ್ತದ. ಮಕ್ಕಳಿಗೆ ಎರಡೇ ಪ್ರಶ್ನೆ ಕಲಿಸಿದರ ಸಾಕು: ಯಾರು ಹೊತ್ತರು? ಯಾರಿಗೆ ನೋಡಲು ಬಿಟ್ಟರು? ಮುಂದ ತಾಜಮಹಲ್ ಮುಂದ ನಿಂತರೂ, ಶಿಮ್ಲಾದ ಮಾಲ್ ರೋಡಿನಾಗ ನಿಂತರೂ ಆ ಪ್ರಶ್ನೆ ಅವರ ಜೊತಿಗಿರ್ತದ.

ಮೂರು. ಹೋದಾಗ ಬಂಡೆ ಮ್ಯಾಲೆ ಹೆಸರು ಕೊರೀಬ್ಯಾಡ್ರಿ, ಜೈಭೀಮ್ ಅಂತಲೂ ಬರೀಬ್ಯಾಡ್ರಿ. ವಿಭೂತಿಹಳ್ಳಿಯ ಒಂದು ಕಲ್ಲು ಜಾಗ ಬಿಟ್ಟು ಕದಲಿದರ ಅದರ ಅರ್ಥವೇ ಹೋಗ್ತದ. ನಮ್ಮ ಇತಿಹಾಸಕ್ಕ ಲಿಖಿತ ದಾಖಲೆ ಕಮ್ಮಿ. ಇರೋದು ಈ ಕಲ್ಲುಗಳೇ.

ನಿನ್ನೆ ಆಫೀಸಿನ ಗೆಳೆಯನಿಗೆ ಹೇಳಿದೆ, "ಬರೋ ರವಿವಾರ ಖಾಲಿ ಇದ್ದರ ಮನಿಮಂದಿ ಕರಕೊಂಡು ಬಾ, ಶಹಾಪುರದಿಂದ ಸನ್ನತಿತನಕ ನಾನು ತೋರಿಸ್ತೀನಿ. ಬುತ್ತಿ ನಮ್ಮ ಮನೀದು." ಬರ್ತೀನಿ ಅಂದಾನ. ಬುತ್ತಿಯ ಮಾತಿಗೆ ಒಂದು ಗಳಿಗಿ ಸುಮ್ಮನಿದ್ದ, ಆಮ್ಯಾಲೆ "ಖಾರ ಕಮ್ಮಿ ಹಾಕಸು, ಹುಡುಗರು ತಿನ್ನೋದಿಲ್ಲ" ಅಂದ. 1934ರಿಂದ ಇಲ್ಲಿತನಕ ಅಷ್ಟಾದರೂ ದಾರಿ ಸಾಗಿ ಬಂದೀವಿ. ಮುಂದಿನ ದಾರಿ ಇನ್ನೂ ಭಾಳ ಅದ.

ನಿಮ್ಮ ಊರಿನ ಕೋಟೆ, ಕೆರೆ, ಗುಡ್ಡದ ಬಗ್ಗೆ ಹಿರಿಯರು ಹೇಳಿದ ಹೊರೆಯ ಕಥಿ ಇದ್ದರ ಕೆಳಗ ಬರೀರಿ. ಮುದುಕರು ಇರೋ ತನಕ ಕೇಳಿ ಬರೆದಿಡೋಣ.

ಜೈಭೀಮ್.